ರವಿವಾರದ ಕೊರಿಯಾದವನು

ಎಷ್ಟುದ್ದ ಕುತ್ತಿಗೆ ಇವನದು, ಕೊಕ್ಕರೆಗೆ ಸ್ವೆಟರ್ ತೊಡಿಸಿದ ಹಾಗೆ, ಮೀಸೆಯ ಸುಳಿವಿಲ್ಲ, ಹಣೆ ತುಂಬ ಕೂದಲು, ಇವನ ಊರಿನಲ್ಲಿ ಕ್ಷೌರದ ಅಂಗಡಿಯೇ ಇಲ್ಲವೇನೋ — ಇಂಥವನ ಸಲುವಾಗಿ ರವಿವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಒಲೆ ಆರುತ್ತದೆ, ಟಿವಿಯ ಮುಂದೆ ಚಾಪೆ ಬೀಳುತ್ತದೆ, ಧೀರೇಂದ್ರನ ಪಾಲಿಗೆ ಥರ್ಮಾಸಿನ ಚಹಾ, ಬೇಕಾದರೆ ಬಗ್ಗಿಸಿಕೊಂಡು ಕುಡಿಯಬೇಕು. ಸಿಂದಗಿಯಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿದ ಮಾಸ್ತರ ಅವನು, ತೊಡೆಯ ಮೇಲೆ ಎಂಟನೇ ಇಯತ್ತೆಯ ಉತ್ತರಪತ್ರಿಕೆ, ಕೈಯಲ್ಲಿ ಕೆಂಪು ಪೆನ್ನು, ಕಣ್ಣು ಮಾತ್ರ ಚಷ್ಮಾದ ಮೇಲಿನಿಂದ ಟಿವಿಗೆ — ಟಿವಿಗಲ್ಲ, ಸುಳ್ಳೇಕೆ, ಟಿವಿ ನೋಡುತ್ತಿರುವ ಹೆಂಡತಿಯ ಮುಖಕ್ಕೆ. ಮಂಜರಿಯ ಬಾಯಿ ಸ್ವಲ್ಪ ತೆರೆದಿದೆ. ಪರದೆಯ ಮೇಲೆ ಜಿನ್ ಸು ಎಂಬ ಆ ಕೊಕ್ಕರೆ ಎರಡು ಬೆರಳ ನಡುವೆ ಬಿಳಿ ಕಲ್ಲು ಹಿಡಿದು ಗಾಳಿಯಲ್ಲಿ ತಡೆದಿದ್ದಾನೆ, ಇಡುವುದಿಲ್ಲ, ಪುಣ್ಯಾತ್ಮ ಅದನ್ನು ಕೆಳಗಿಡುವಷ್ಟರಲ್ಲಿ ಸಿಂದಗಿ ಬಿಟ್ಟ ಬಸ್ಸು ದೇವಣಗಾಂವ ಮುಟ್ಟೀತು, ಇವಳೂ ಉಸಿರು ಹಿಡಿದಿದ್ದಾಳೆ, ಕಲ್ಲು ಟಕ್ ಎಂದು ಮಣೆಯ ಮೇಲೆ ಕುಳಿತ ಮೇಲೆಯೇ ಬಿಡುತ್ತಾಳೆ. ಧಾರಾವಾಹಿ ಎಂಬತ್ತರ ದಶಕದ ಕೊರಿಯಾದ್ದಂತೆ, ರೈಲು ನಿಲ್ದಾಣದ ಹಿಂದಿನ ಓಣಿ, ಗಡಿಯಾರ ರಿಪೇರಿಯವನ ಮಗಳು, ಪಕ್ಕದ ಮನೆಯಲ್ಲಿ ಈ ಆಟಗಾರ. ಚೆಸ್ ಏನು ಇದು, ಎಂದು ಮೊದಲ ವಾರ ತಾನೇ ಕೇಳಿದ್ದ, ಚೆಸ್ ಅಲ್ರಿ, ಇದಕ್ಕ ಗೋ ಅಂತಾರ, ಅವರ ಭಾಷಾದಾಗ ಬಾದುಕ್, ಕರೇ ಕಲ್ಲು ಒಬ್ಬರದು ಬಿಳೇ ಕಲ್ಲು ಒಬ್ಬರದು, ಒಮ್ಮೆ ಇಟ್ಟ ಕಲ್ಲು ಸರಸೂ ಹಾಂಗಿಲ್ಲ, ಸುತ್ತ ಕಟ್ಟಿದ್ರ ಮುಗೀತು — ಮಂಜರಿ ಒಂದೇ ಉಸಿರಿಗೆ ಹೇಳಿದ್ದಳು, ಅವನೊಂದಿಗೆ ಅಷ್ಟು ಮಾತು ಒಟ್ಟಿಗೆ ಆಡಿ ಎಷ್ಟು ವರ್ಷವಾಗಿತ್ತೋ. ಚೆಸ್ ಆಗಿದ್ದರೆ ತಾನೂ ಎರಡು ಮಾತು ಹೇಳುತ್ತಿದ್ದ, ಬಸವನ ಬಾಗೇವಾಡಿಯ ಸ್ಪರ್ಧೆಯಲ್ಲಿ ಮುದ್ದೇಬಿಹಾಳದ ವಕೀಲನನ್ನು ಮೂವತ್ತೊಂದು ನಡೆಯಲ್ಲಿ ಮಣಿಸಿದವನು, ಆಗ ಗೆದ್ದ ಕಪ್ ಶೋಕೇಸಿನಲ್ಲಿದೆ, ಅದರೊಳಗೆ ಮಂಜರಿ ಅಂಗಿಯ ಗುಂಡಿ ಹಾಕಿಟ್ಟಿದ್ದಾಳೆ.

ಈ ರೋಗ ಹಚ್ಚಿದವಳು ಪಕ್ಕದ ಮನೆಯ ನಿಷತ, ರವಿವಾರ ಇಲ್ಲಿಗೇ ಬಂದು ಚಾಪೆಯ ಮೇಲೆ ಕೂಡುತ್ತಾಳೆ, ಹಿಂದಿಯಲ್ಲಿ ಬರ್ತೈತ್ರಿ, ನೀವೂ ಬರ್ರಿ ಸರ್, ಭಾಳ ಛಲೋ ಐತಿ, ಎಂದು ಪ್ರತಿ ವಾರ ಕರೆಯುತ್ತಾಳೆ, ಅವನು ಪೇಪರ್ ತಿದ್ದೂದದ ಎನ್ನುತ್ತಾನೆ, ಆದರೆ ಎದ್ದು ಹೋಗುವುದಿಲ್ಲ. ಅವನ ಅವ್ವ ಸರಸ್ವತೀಬಾಯಿಗೂ ಹುಚ್ಚು ಹಿಡಿದಿದೆ, ಎಂಬತ್ತೆರಡು ವಯಸ್ಸು, ಕುರ್ಚಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತ, ಪಾಪ ಆ ಹುಡುಗ ಉಂಡಾನೋ ಇಲ್ಲೋ ಎಂದು ಕೇಳುತ್ತಾಳೆ, ಹೆತ್ತ ಮಗನನ್ನು ಇವತ್ತು ಕೇಳಿದಳೇ? ಹೊಟ್ಟೆಕಿಚ್ಚು — ಹೌದು, ಹೊಟ್ಟೆಕಿಚ್ಚೇ, ಐವತ್ತೆರಡರ ಮಾಸ್ತರನಿಗೆ, ಪರದೆಯ ಮೇಲಿನ ಪೋರನ ಮೇಲೆ, ಯಾರಿಗಾದರೂ ಹೇಳಿದರೆ ನಕ್ಕಾರು, ಆದರೆ ಅವಳು ಆ ಬಿಳಿ ಕಲ್ಲನ್ನು ನೋಡುವ ಹಾಗೆ ತನ್ನನ್ನು ಒಮ್ಮೆ, ಒಂದೇ ಒಂದು ಸಲ ನೋಡಿದ್ದರೆ! ಆ ತೆರೆದ ಬಾಯಿ, ಆ ಕಣ್ಣು, ಅದನ್ನು ಅವನು ಹಿಂದೆ ಒಮ್ಮೆ ಕಂಡಿದ್ದಾನೆ, ಅದೂ ತನ್ನ ಸಲುವಾಗಿ ಅಲ್ಲ. ಅವಳ ತವರು ತಾಂಬಾದಲ್ಲಿ, ಮದುವೆಯ ಹಿಂದಿನ ದಿನ, ಹಂದರದ ಕೆಳಗೆ ಅವಳು ಹಸಿರು ಬಳೆ ಇಟ್ಟುಕೊಂಡು ಕುಳಿತಿದ್ದಾಳೆ, ನೆರೆಮನೆಯ ವಿಠ್ಠಲ ಹೂವಿನ ಬುಟ್ಟಿ ಹೊತ್ತು ಬರುತ್ತಾನೆ, ಚಿಕ್ಕಂದಿನಿಂದ ಗುಡಿಯ ಕಟ್ಟೆಯ ಮೇಲೆ ಇದ್ದಲಿನಿಂದ ಮನೆ ಗೀಚಿ ಅವಳ ಜೊತೆ ಹುಲಿ-ಕುರಿ ಆಡಿದವನಂತೆ, ಹುಲಿ ಯಾವಾಗಲೂ ಅವಳದಂತೆ, ಎಲ್ಲರೆದುರು ಕೂಗುತ್ತಾನೆ, ಶುಭೀ, ಹುಲಿ ಕಡೀಕೂ ಸಿಕ್ಕಿಬಿತ್ತಲ್ಲೇ! ಅವಳು ನಕ್ಕಳು, ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು, ಮದುಮಗನ ಕಡೆಯವರೂ ನಕ್ಕರು. ಮದುಮಗ ಮಾತ್ರ ಬೀಗರ ಮನೆಯ ಲೋಡಿಗೆ ಒರಗಿ, ಆ ಎರಡಕ್ಷರವನ್ನು ಹಲ್ಲಿನ ನಡುವೆ ಸಿಕ್ಕ ಅಡಕೆ ಚೂರಿನ ಹಾಗೆ ನಾಲಿಗೆಯಲ್ಲಿ ತಡಕುತ್ತ ಕುಳಿತಿದ್ದ, ಶುಭೀ, ಶುಭೀ. ವಿಠ್ಠಲನಿಗೆ ಈಗ ಇಂಡಿಯಲ್ಲಿ ಗೊಬ್ಬರದ ಅಂಗಡಿ, ಬಕ್ಕತಲೆ, ಮೂರು ಮಕ್ಕಳು, ಪಾಪ, ಅವನ ಮನಸ್ಸಿನಲ್ಲಿ ಏನಿತ್ತು ಮಣ್ಣು.

ಟಿವಿಯಲ್ಲಿ ಈಗ ನೂಲಿನ ಗಿರಣಿ, ಗಡಿಯಾರದವನ ಮಗಳು ಅಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಎಲ್ಲರೂ ಅವಳನ್ನು ಹನ್ನೆರಡನೇ ನಂಬರ್ ಎನ್ನುತ್ತಾರೆ, ಜಿನ್ ಸು ದೂರದ ಪಂದ್ಯ ಮುಗಿಸಿ ಬಾಗಿಲಲ್ಲಿ ನಿಂತು ಮೆಲ್ಲಗೆ ಅವಳ ಹೆಸರು ಕರೆಯುತ್ತಾನೆ, ಮಿ ರಾನ್, ಇಷ್ಟೇ, ಮಂಜರಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಯಾಕ್ರಿ ಭಾಭಿ, ಎಂದು ನಿಷತ, ಏನಿಲ್ಲ, ನನ್ನ ತವರಮನಿ ಹೆಸರು ನೆನಪಾತು, ಶುಭಾ ಅಂತ ಇತ್ತು. ಮತ್ತ ಮಂಜರಿ? ಮದುವಿ ದಿನ ತಾಟಿನೊಳಗ ಅಕ್ಕಿ ಹರವಿ, ಗಂಡ ಉಂಗುರಲೆ ಹೊಸಾ ಹೆಸರು ಬರೀತಾರವಾ ನಮ್ಮಲ್ಲೆ, ನಮ್ಮ ಅತ್ತ್ಯಾರಿಗೆ ಮಂಜರಿ ಅಂತ ಬೇಕಾಗಿತ್ತು — ಹೇಳುವಾಗ ಕಹಿಯೇನಿಲ್ಲ, ಎಷ್ಟೋ ಸಲ ಹೇಳಿ ಸವೆದ ಮಾತು, ಧೀರೇಂದ್ರನ ಪೆನ್ನು ಏಳನೇ ಪ್ರಶ್ನೆಯ ಮೇಲೆ ನಿಂತಿತು, ಅವ್ವನಿಗೆ ಈಚೆಗೆ ಕಿವಿ ಮಂದ, ಕೇಳಿಸದಿರಲಿ, ದೇವರೇ — ನನಗ? ಅವ್ವನ ಕೈಯಲ್ಲಿ ಬತ್ತಿ ಅರ್ಧಕ್ಕೆ ನಿಂತಿದೆ, ನನಗೆಲ್ಲೆ ಬೇಕಾಗಿತ್ತವಾ, ಶುಭಾ ಅಂದ್ರ ಏನ ಕಮ್ಮಿ, ಇರಲಿ ಬಿಡೋ ಅಂದೆ, ಬದಲಿಸಲೇಬೇಕಂತೇನಿಲ್ಲ ಅಂತ ಭಟ್ಟರೂ ಅಂದ್ರು, ಇವನೇ ಹಠಾ ಹಿಡದಾ, ಬ್ಯಾರೆ ಹೆಸರ ಬೇಕು ಅಂತ, ಯಾಕಂತ ನನಗೂ ಇವತ್ತಿನ ತನಕಾ ತಿಳದಿಲ್ಲ. ಹಾಗಲ್ಲ ಅವ್ವಾ, ಎಂದು ಕೆಂಪು ಪೆನ್ನಿನ ಟೊಪ್ಪಿಗೆ ಮುಚ್ಚಿದ. ಹೊಸತರಲ್ಲಿ ಮಂಜರಿ ಒಮ್ಮೆ ಕೇಳಿದ್ದಳು, ಅತ್ತ್ಯಾರಿಗೆ ನನ್ನ ಹೆಸರು ಸೇರಲಿಲ್ಲೇನ್ರಿ, ಅವನು ಹೂಂ ಎಂದಿದ್ದ, ಒಂದು ಹೂಂ, ಅದರ ಮೇಲೆ ಇಪ್ಪತ್ತನಾಲ್ಕು ವರ್ಷ ಕಳೆದವು, ಮುದುಕಿಗೆ ಎಣ್ಣೆ ಹಚ್ಚಿ ಎರೆದಳು, ಆಸ್ಪತ್ರೆಯಲ್ಲಿ ಹನ್ನೊಂದು ದಿನ ನೆಲದ ಮೇಲೆ ಮಲಗಿದಳು, ಆದರೆ ಒಂದು ಸಲವೂ ಅವ್ವಾ ಎನ್ನಲಿಲ್ಲ, ಅತ್ತ್ಯಾರ, ಅತ್ತ್ಯಾರ, ಇದನ್ನೆಲ್ಲ ಅವನು ನೋಡುತ್ತಲೇ ಇದ್ದ. ನಿಷತ ಎದ್ದು, ಹಾಲು ಒಲಿ ಮ್ಯಾಲಿಟ್ಟು ಬಂದೇನ್ರಿ, ಎಂದು ಚಪ್ಪಲಿ ಹುಡುಕುತ್ತಿದ್ದಾಳೆ. ಮಂಜರಿ ರಿಮೋಟು ತೆಗೆದುಕೊಂಡು ಗುಂಡಿ ಒತ್ತಿದಳು, ಟಿವಿಯ ದನಿ ಅಡಗಿತು, ಚಿತ್ರ ಮಾತ್ರ ಓಡುತ್ತಿದೆ, ಅವಳು ತಿರುಗಿದಳು, ಅವನನ್ನು ನೋಡಿದಳು, ಬಾಯಿ ಸ್ವಲ್ಪ ತೆರೆದಿದೆ, ಕಣ್ಣು ಪೂರ್ತಿ ಅವನ ಮೇಲೆಯೇ — ನೋಡಲಿ ಎಂದು ಹಂಬಲಿಸಿದ್ದನಲ್ಲ, ನೋಡುತ್ತಿದ್ದಾಳೆ. ಯಾಕ್ರಿ? ಎಂದಳು. ಹೇಳಬೇಕು, ವಿಠ್ಠಲ ನಿನ್ನನ್ನು ಹಾಗೆ ಕರೆದ, ನೀನು ನಕ್ಕೆ, ನನಗೆ ತಡೆಯಲಾಗಲಿಲ್ಲ, ಇಷ್ಟೇ ಹೇಳಬೇಕು, ನಾಲ್ಕು ಮಾತು, ಶು — ಎಂದರೂ ಸಾಕು, ಆ ಹೆಸರನ್ನು ಅವನು ಒಂದು ಸಲವೂ ಕರೆದಿಲ್ಲ, ಅವಳು ಕಾಯುತ್ತಿದ್ದಾಳೆ, ಅವ್ವ ಕಾಯುತ್ತಿದ್ದಾಳೆ, ಅವನ ಕಣ್ಣು ಅವಳ ಭುಜ ದಾಟಿ ಪರದೆಗೆ ಹೋಗಿ ಸಿಕ್ಕಿಕೊಂಡಿತು, ಅಲ್ಲಿ ಎರಡು ಬೆರಳು, ನಡುವೆ ಬಿಳಿ ಕಲ್ಲು, ಗಾಳಿಯಲ್ಲಿ, ಇಡುವುದಿಲ್ಲ, ಎರಡು ಬೆರಳು, ಬಿಳಿ ಕಲ್ಲು, ಗಾಳಿಯಲ್ಲಿ