ಮಾತು ಕೇಳದ ಹೆಂಗಸು

ರೇವತಿಗೆ ಮೈಯೆಲ್ಲ ಉರಿಯುತ್ತಿತ್ತು. ಸುರಪುರ ರಸ್ತೆಯ ಆ ಹತ್ತಿ ಮಿಲ್ಲಿನ ಸಾವಕಾರ ವಿಶ್ವಾರಾಧ್ಯ ಬಾಯಿ ಬಿಟ್ಟರೆ ಒಂದೇ ರಾಗ: "ನಿಮ್ಮ ಮೀಟರ್ ಖರಾಬ್ ಅದರಿ ಮೇಡಂ."

ಖರಾಬಂತೆ! ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಹತ್ತಿಯ ಬೀಜ ಬಿಡಿಸುವ ಯಂತ್ರಗಳ ನಡುವೆ, ಹೆಂಗಸರು ನಿಲ್ಲುವ ಜಾಗದಲ್ಲೇ, ಅವರ ಕಿವಿಯ ಎತ್ತರಕ್ಕೆ ಮೀಟರ್ ಹಿಡಿದು ಗದ್ದಲ ಅಳೆದಿದ್ದಳು. ತೊಂಬತ್ತೇಳು ಡೆಸಿಬಲ್. ಕಾಯ್ದೆಯ ಮಿತಿ ತೊಂಬತ್ತು.

ಇಷ್ಟೆಲ್ಲ ಗೋಗಿ ಊರಿನ ಅಮೃತಮ್ಮನ ಸಲುವಾಗಿ. ಹರೆಯದಿಂದ ದುಡಿಸಿಕೊಂಡು, ಹೋದ ವಾರ ಕರೆದರೆ ಬರುವುದಿಲ್ಲವೆಂದು ಸಾವಕಾರ ಅವಳನ್ನು ಕೆಲಸದಿಂದ ಕಿತ್ತು ಹಾಕಿದ್ದ. ಇಂಥ ಗದ್ದಲದಲ್ಲಿ ಕರೆದದ್ದು ಯಾರಿಗೂ ಕೇಳಿಸುವುದಿಲ್ಲ, ಅವಳದೇನು ತಪ್ಪು ಎಂದು ಜೊತೆಯ ಹೆಂಗಸರು ಅರ್ಜಿ ಹಾಕಿದ್ದರು. ಅದಕ್ಕೇ ಕಾರ್ಖಾನೆಗಳ ತಪಾಸಣೆ ಮಾಡುವ ಯಾದಗಿರಿ ಕಚೇರಿಯಿಂದ ರೇವತಿ ಬಂದದ್ದು. ಮೀಟರಿನ ಅಂಕಿ ನಿಂತರೆ ಅಮೃತಮ್ಮನ ಕೆಲಸ ಉಳಿಯುತ್ತದೆ, ಬಿದ್ದರೆ ಅವಳ ಅನ್ನವೂ ಹೋಯಿತು.

"ಗದ್ದಲ ಇಲ್ಲ, ಏನಿಲ್ಲ. ಎಷ್ಟ ಹೇಳಿದ್ರೂ ಮಾತ ಕೇಳಂಗಿಲ್ರಿ ಆಕಿ. ಸೊಕ್ಕು!" ಎಂದ ಸಾವಕಾರ.

"ಮಷೀನು ಬಂದ್ ಮಾಡಸ್ರಿ. ನಿಮ್ಮ ಕಣ್ಣಮುಂದನ ಮೀಟರ್ ತಪಾಸ ಮಾಡ್ತೀನಿ."

ಯಂತ್ರಗಳು ನಿಂತವು. ಗೇಟಿನ ಬಳಿ ನಿಂತಿದ್ದ ಅಮೃತಮ್ಮನನ್ನು ರೇವತಿ ಕೈಸನ್ನೆ ಮಾಡಿ ಒಳಗೆ ಕರೆದಳು. ಇವಳೂ ನೋಡಲಿ, ಈ ಗಂಡಸಿನ ಮುಖ ಸಣ್ಣದಾಗುವುದನ್ನು.

ಚೀಲದಿಂದ ಕ್ಯಾಲಿಬ್ರೇಟರ್ ತೆಗೆದಳು. ಮುಷ್ಟಿಯಲ್ಲಿ ಹಿಡಿಯುವಷ್ಟು ಡಬ್ಬಿ. ಗುಂಡಿ ಒತ್ತಿದರೆ ಅದರೊಳಗೆ ತೊಂಬತ್ನಾಲ್ಕು ಡೆಸಿಬಲ್ಲಿನ ಒಂದೇ ದನಿ. ಮೀಟರಿನ ಮೈಕನ್ನು ಅದರಲ್ಲಿ ಕೂರಿಸಿದರೆ ಮೀಟರೂ ತೊಂಬತ್ನಾಲ್ಕೇ ತೋರಿಸಬೇಕು. ತೋರಿಸಿತು.

"ಆ ಡಬ್ಬಿ ಖರೇನ ಕೂಗಾಕತ್ತದ ಅಂತ ಏನ್ ಗ್ಯಾರಂಟಿರಿ?"

ಅಯ್ಯೋ, ಇವನ ಮೊಂಡಾಟಕ್ಕಿಷ್ಟು ಬೆಂಕಿ ಹಾಕ! ರೇವತಿ ಮೈಕನ್ನು ಸರಕ್ಕನೆ ಎಳೆದು ಡಬ್ಬಿಯನ್ನು ಎಲ್ಲರ ಮುಂದೆ ಹಿಡಿದಳು. ಕುಂಯ್ಯೆನ್ನುವ ದನಿ ಹೊರಬಂತು. ಗುಮಾಸ್ತ ದಸ್ತಗೀರಸಾಬ ಮುಖ ಕಿವುಚಿದ.

"ಸಾಕ್ರಿ, ಕೇಳ್ತು," ಎಂದ ಸಾವಕಾರ.

ಗೆದ್ದ ಹುಮ್ಮಸ್ಸಿನಲ್ಲಿ ರೇವತಿ ಡಬ್ಬಿಯನ್ನು ಅಮೃತಮ್ಮನ ಕಡೆ ಚಾಚಿದಳು. ಅಮೃತಮ್ಮ ಸೆರಗು ಸರಿಸಿ, ಬಗ್ಗಿ, ಕಿವಿಯನ್ನು ಹತ್ತಿರ ತಂದಳು. ಹಾಗೇ ಕಾದಳು.

"ಯಾವಾಗ ಕೂಗ್ತದ ಯವ್ವಾ ಇದು?"

ಡಬ್ಬಿ ಅವಳ ಕಿವಿಯ ಗೇಣು ದೂರದಲ್ಲಿ ಕೂಗುತ್ತಲೇ ಇತ್ತು. ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಅಮೃತಮ್ಮ ಎಲ್ಲರ ತುಟಿ ನೋಡಿದಳು, ರೇವತಿಯ ತುಂಬಿದ ಕಣ್ಣು ನೋಡಿದಳು. ಪಾಪ ಎನ್ನಿಸಿತೇನೋ, ಅವಳ ತೋಳು ಸವರಿದಳು.

"ಕೆಟ್ಟದೇನವ್ವಾ? ಹೋಗ್ಲಿ ಬಿಡು, ಬ್ಯಾಸರ ಮಾಡ್ಕೋಬ್ಯಾಡ."

ರೇವತಿ ಡಬ್ಬಿಯನ್ನು ಆರಿಸದೆ ಹಾಗೇ ವಿಶ್ವಾರಾಧ್ಯನ ಅಂಗೈಗೆ ಹಾಕಿದಳು.

"ಸೊಕ್ಕು ಅಂದ್ರಲ್ಲ? ಇದು ಕೆಟ್ಟಿಲ್ಲ ಅಂತ ಆಕಿಗಿ ನೀವ ಹೇಳ್ರಿ. ಕೆಟ್ಟಿದ್ದು ಏನಂತನೂ ಹೇಳ್ರಿ."

ಸಾವಕಾರ ತಲೆ ತಗ್ಗಿಸಿ ಏನೋ ಗೊಣಗಿದ.

"ತಲಿ ಎತ್ರಿ!" ರೇವತಿ ಚೀರಿದಳು. "ಆಕಿಗಿ ನಿಮ್ಮ ಬಾಯಿ ಕಾಣಬೇಕು."