ಗುರ್ ಎನ್ನದ ನಾಯಿ

ಬೇಕರಿಯ ಭಟ್ಟಿಯವನ ಮನೆಯಲ್ಲಿ ಹಗಲೇ ರಾತ್ರಿ. ಊರಿಗೆಲ್ಲ ಬೆಳಗಾಗುತ್ತಲೇ ಬಿಸಿ ಬ್ರೆಡ್ಡು ಬೇಕೆಂದರೆ ಯಾರಾದರೊಬ್ಬ ರಾತ್ರಿಯೆಲ್ಲ ಬೆಂಕಿಯ ಮುಂದೆ ನಿಲ್ಲಲೇಬೇಕಲ್ಲ, ಆ ಒಬ್ಬ ಇವನು. ಬೆಳಿಗ್ಗೆ ಏಳು ಗಂಟೆಗೆ ಹುಬ್ಬಿನವರೆಗೂ ಮೈದಾ ಮೆತ್ತಿಕೊಂಡು ಬಂದು, ಎರಡು ತುತ್ತು ತಿಂದು ಮಲಗಿದರೆ ಏಳುವುದು ಸಂಜೆ ನಾಲ್ಕಕ್ಕೆ. ಇರುವುದು ಎರಡೇ ಕೋಣೆ, ನಡುವೆ ತೆಳ್ಳನೆಯ ಹಲಗೆಯ ಬಾಗಿಲು. ಚಮಚ ಬಿದ್ದರೂ ಅವನಿಗೆ ಎಚ್ಚರ. ಹೀಗೇ ನಿದ್ದೆಗೆಟ್ಟ ಒಂದು ದಿನ ಭಟ್ಟಿಯ ಮುಂದೆ ತೂಕಡಿಸಿ ಮೊಣಕೈ ಸುಟ್ಟುಕೊಂಡ. ಅಂದಿನಿಂದ ಮನೆಯಲ್ಲಿ ಸದ್ದಿಗೆ ಬಹಿಷ್ಕಾರ ಬಿತ್ತು.

ಹೆಂಡತಿ ಕುಕ್ಕರನ್ನು ಅಟ್ಟಕ್ಕೆ ಹಾಕಿದಳು. ದರ್ಜಿ ಅಂಗಡಿಯಿಂದ ತರುತ್ತಿದ್ದ ಬಟ್ಟೆಗಳಲ್ಲಿ ಮಿಷನ್ನಿನ ಕೆಲಸವನ್ನೆಲ್ಲ ಸಂಜೆಗೆ ಉಳಿಸಿಕೊಂಡು, ಹಗಲು ಬರೀ ಕಾಜಾ ಮಾಡುವುದು, ಗುಂಡಿ ಹಾಕುವುದು. ಬಾಗಿಲ ಕೀಲುಗಳಿಗೆ ವಾರಕ್ಕೊಮ್ಮೆ ಎಣ್ಣೆ. ಮಗಳು ಪುಟ್ಟಿಗಂತೂ ಮಾತಿಗಿಂತ ಮೊದಲು ಪಿಸುಮಾತು ಬಂತು ಎಂದು ಪಕ್ಕದ ಮನೆಯ ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಅವಳು ಎಡವಿ ಬಿದ್ದರೆ ಮೊದಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಆಮೇಲೆ ಮೊಣಕಾಲು ನೋಡಿಕೊಳ್ಳುತ್ತಿದ್ದಳು. ಕಂಡವರೆಲ್ಲ ಎಂಥ ಜಾಣೆ ಎಂದರು. ಅಪ್ಪನೂ ಅಂದ. ಆರು ವರ್ಷದ ಮಗು ಬಾಯಿ ಮುಚ್ಚಿಕೊಂಡಿರುವುದನ್ನು ಜಾಣತನ ಅನ್ನುವ ನಮ್ಮ ಬುದ್ಧಿಗೆ ಏನು ಹೇಳೋಣ.

ಪುಟ್ಟಿಗೆ ಮೂರು ತುಂಬಿದ್ದಾಗ ಆ ಮನೆಗೆ ನಾಯಿ ಬಂದಿತ್ತು. ಬೇಕರಿಯ ಯಜಮಾನರು ತಮ್ಮ ಹಿಟ್ಟಿನ ಗೋದಾಮು ಮುಚ್ಚಿದಾಗ ಅಲ್ಲಿ ಕಾವಲಿದ್ದ ನಾಯಿ ಯಾರಿಗೂ ಬೇಡವಾಯಿತು. ಪಿಟ್‌ಬುಲ್ ತಳಿಯದು, ಕುಂಬಳಕಾಯಿಯಷ್ಟು ತಲೆ, ಬಾಗಿಲ ತುಂಬ ಎದೆ. ಅಂಥದ್ದನ್ನು ಬೀದಿಗೆ ಬಿಡುವುದುಂಟೇ ಎಂದು ಭಟ್ಟಿಯವನು ಹಗ್ಗ ಕಟ್ಟಿ ಮನೆಗೆ ಕರೆತಂದ. ಬೀದಿಯವರು ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟರು.

ಮನೆಯ ಕಾನೂನು ಪೈಲ್ವಾನನಿಗೂ ತಪ್ಪಲಿಲ್ಲ. ಬೊಗಳಿದರೆ ಮಡಿಸಿದ ಹಿಟ್ಟಿನ ಚೀಲದಿಂದ ಮೂತಿಗೆ ಒಂದೇಟು. ಗುರ್ ಎಂದರೂ ಒಂದೇಟು. ಒಂದು ಮಧ್ಯಾಹ್ನ ಪುಟ್ಟಿ ಅದರ ಕಿವಿ ಹಿಡಿದು ಜಗ್ಗಿದಾಗ ಅದು ಗಂಟಲಲ್ಲೇ ಗುರುಗುಟ್ಟಿತು. ಭಟ್ಟಿಯವನು ನಿದ್ದೆಗಣ್ಣಲ್ಲೇ ಎದ್ದು ಬಂದ.

"ಮಗು ಮೇಲೇ ಗುರ್ ಅಂತೀಯಾ? ಅನ್ನ ಹಾಕಿದ ಮನೇಲಿ?"

ಆ ದಿನ ಏಟು ಒಂದಕ್ಕೆ ನಿಲ್ಲಲಿಲ್ಲ. ಪುಟ್ಟಿ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಮೂರು ತಿಂಗಳಲ್ಲಿ ನಾಯಿ ಪಾಠ ಕಲಿಯಿತು. ಆಮೇಲೆ ಬಾಲ ಎಳೆದರೂ ಇಲ್ಲ, ತಟ್ಟೆಗೆ ಕೈ ಹಾಕಿದರೂ ಇಲ್ಲ, ಸಿಲಿಂಡರಿನವನು ಬಾಗಿಲು ಬಡಿದರೂ ಇಲ್ಲ. ಭಟ್ಟಿಯವನಿಗೆ ಹೆಮ್ಮೆಯೋ ಹೆಮ್ಮೆ.

"ಹಸು ಮೇಷ್ಟ್ರೇ ಇದು, ಹಸು. ಬಾಯೊಳಗೆ ಕೈ ಇಟ್ರೂ ಗುರ್ ಅನ್ನಲ್ಲ."

"ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ನಿಂದು ಬೊಗಳೋದೂ ಇಲ್ವಲ್ಲಯ್ಯಾ," ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು. ಗಾದೆಯನ್ನು ತಿರುವಿ ಹಾಕಿ ನೋಡುವ ಪುರುಸೊತ್ತು ಯಾರಿಗಿತ್ತು?

ಹೆಂಡತಿಗೆ ಮಾತ್ರ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಗುಂಡಿ ಹಾಕುತ್ತ ಕೂತವಳಿಗೆ ದಿನವಿಡೀ ಕಾಣುವುದು ಪುಟ್ಟಿ, ಪೈಲ್ವಾನ ಇಬ್ಬರೇ ತಾನೇ. ಒಂದು ಸಂಜೆ ಗಂಡನಿಗೆ ಚಹಾ ಕೊಡುವಾಗ ಹೇಳಿದಳು.

"ರೀ, ಪುಟ್ಟಿ ಹತ್ರ ಹೋದ್ರೆ ಅದು ಮುಖ ತಿರುಗಿಸ್ಕೊಳ್ಳುತ್ತೆ. ಎದ್ದು ಆ ಕಡೆ ಹೋಗುತ್ತೆ. ಇವಳು ಬಿಡಲ್ಲ, ಹಿಂದೇನೇ ಹೋಗ್ತಾಳೆ. ಅದಕ್ಕೆ ಬೇಡ ಅನ್ಸುತ್ತೆ ಕಣ್ರೀ."

"ನಾಚ್ಕೆ ಇರಬೇಕು," ಎಂದು ಅವನು ನಕ್ಕ. "ಗಂಡುಮಗ ಅಲ್ವಾ."

ಪುಟ್ಟಿಗೆ ಆರಾದ ವರ್ಷದ ಚಳಿಗೆ ಪೈಲ್ವಾನ ಹಿಂಗಾಲು ಎಳೆದು ನಡೆಯತೊಡಗಿತು. ಕೂರುವಾಗ ಒಂದು ಸಲ ತಡೆದು, ಸುತ್ತು ಹಾಕಿ, ಮೆಲ್ಲನೆ ಕೂರುತ್ತಿತ್ತು. ವಯಸ್ಸಾಯಿತು, ಇನ್ನೇನು, ಎಂದುಕೊಂಡರು. ಅದೂ ಏನೂ ಹೇಳಲಿಲ್ಲ. ಹೇಗೆ ಹೇಳೀತು?

ಅನಾಹುತ ಆದದ್ದು ಒಂದು ಮಂಗಳವಾರ, ಮಧ್ಯಾಹ್ನ ಒಂದರ ಸುಮಾರಿಗೆ. ಹೆಂಡತಿ ಹೊಲಿದ ಬಟ್ಟೆಗಳ ಗಂಟು ಹೊತ್ತು ದರ್ಜಿ ಅಂಗಡಿಗೆ ಹೋದಳು. ಹೋಗಿ ಬರಲು ಕಾಲು ಗಂಟೆ. ಒಳಗೆ ಅಪ್ಪ ಮಲಗಿದ್ದಾನೆ, ಹೊರಗೆ ಹಸುವಿನಂಥ ನಾಯಿ ಇದೆ, ಮಗುವಿಗೇನು ಭಯ ಎಂದುಕೊಂಡಳು. ಪುಟ್ಟಿ ತನ್ನ ಹೊದಿಕೆ ತಂದು, ಮಲಗಿದ್ದ ನಾಯಿಗೆ ಚಳಿಯಾಗುತ್ತದೆಂದು ಹೊದಿಸಿ, ಅದರ ನೋವಿನ ಸೊಂಟದ ಮೇಲೆ ಕಾಲು ಹಾಕಿಕೊಂಡು ತಬ್ಬಿ ಮಲಗಿದಳು. ಇದು ಎಷ್ಟೋ ದಿನಗಳ ಮೇಲೆ ಪುಟ್ಟಿ ಅಮ್ಮನ ಕಿವಿಯಲ್ಲಿ ಹೇಳಿ ತಿಳಿದದ್ದು. ಆಗ ನೋಡಿದವರು ಯಾರೂ ಇಲ್ಲ, ಕೇಳಿದವರಂತೂ ಇಲ್ಲವೇ ಇಲ್ಲ. ನಾಯಿ ಗುರ್ ಎನ್ನಲಿಲ್ಲ. ಮಗು ಕಿರುಚಲಿಲ್ಲ. ಹಲಗೆಯ ಬಾಗಿಲಿನಾಚೆ ಅಪ್ಪ ಮಗ್ಗುಲು ಸಹ ಬದಲಿಸಲಿಲ್ಲ.

ಹೆಂಡತಿ ಬಂದು ನೋಡುತ್ತಾಳೆ, ಪುಟ್ಟಿ ಗೋಡೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದಾಳೆ. ಕೆನ್ನೆ, ಕಿವಿ, ಫ್ರಾಕು ಎಲ್ಲ ರಕ್ತ. ನಾಯಿ ಎದುರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಡುಗುತ್ತ ನಿಂತಿದೆ. ಅಮ್ಮನನ್ನು ಕಂಡ ಪುಟ್ಟಿ ಇನ್ನೊಂದು ಕೈಯ ಬೆರಳನ್ನು ಒಳಗಿನ ಕೋಣೆಯ ಕಡೆ ತೋರಿಸಿದಳು. ಅಪ್ಪ ಮಲಗಿದ್ದಾರೆ ಎಂದು.

ಆ ತಾಯಿಯ ಕೂಗು ಬೀದಿಯ ಕೊನೆಯವರೆಗೂ ಕೇಳಿತು.

ಆಸ್ಪತ್ರೆಯಲ್ಲಿ ಕೆನ್ನೆಗೆ, ಕಿವಿಗೆ ಸೇರಿ ಹದಿನಾಲ್ಕು ಹೊಲಿಗೆ ಬಿದ್ದವು. ದಿನಕ್ಕೆ ನೂರು ಕಾಜಾ ಮಾಡುವ ಕೈ ಅವಳದು, ಆ ಹದಿನಾಲ್ಕನ್ನು ನೋಡಲಾರದೆ ಮುಖ ತಿರುಗಿಸಿಕೊಂಡಳು. "ನಾನು ಬಿಟ್ಟು ಹೋಗಬಾರದಿತ್ತು" ಎಂಬುದೊಂದನ್ನೇ ಜಪದ ಹಾಗೆ ಹೇಳುತ್ತಿದ್ದಳು. ಡಾಕ್ಟರು ಭಟ್ಟಿಯವನನ್ನು ಪಕ್ಕಕ್ಕೆ ಕರೆದರು.

"ಗಂಟಲಿಗೆ ಏನೂ ಆಗಿಲ್ಲ. ಆದ್ರೂ ಮಗು ಅಳ್ತಾ ಇಲ್ಲ. ಸೂಜಿ ಚುಚ್ಚಿದ್ರೂ ಸದ್ದಿಲ್ಲ. ಒಂದ್ಸಲ ಜೋರಾಗಿ ಅತ್ತುಬಿಟ್ರೆ ಒಳ್ಳೇದು. ನೋಡ್ಕೊಳ್ಳಿ."

ಅಂದಿನಿಂದ ಭಟ್ಟಿಯವನಿಗೆ ಬೇಕಾದದ್ದು ಅದೊಂದೇ. ಮಗಳ ಕೆನ್ನೆಯ ಕಲೆ ಉಳಿದರೂ ಉಳಿಯಲಿ, ಅವಳೊಮ್ಮೆ ಬಾಯಿಬಿಟ್ಟು ಅಳಲಿ. ಬೇಕರಿಗೆ ರಜೆ ಹಾಕಿ ಅವಳ ಹಾಸಿಗೆಯ ಪಕ್ಕ ಕೂತ. ಕೋತಿಯ ಹಾಗೆ ಕುಣಿದ, ಬೇಕೆಂದೇ ತಟ್ಟೆ ಬೀಳಿಸಿದ. ತಟ್ಟೆ ಬಿದ್ದಾಗ ಪುಟ್ಟಿ ಬೆಚ್ಚಿ ಅಮ್ಮನ ಸೆರಗಿನೊಳಗೆ ಹುದುಗಿಕೊಂಡಳು. ಅವಳ ಕಣ್ಣಿಂದ ನೀರಿಳಿಯುತ್ತಿತ್ತು, ಬಾಯಿಂದ ಏನೂ ಬರಲಿಲ್ಲ.

ಪೈಲ್ವಾನನನ್ನು ಹುಚ್ಚಿನ ಲಕ್ಷಣವೇನಾದರೂ ಕಾಣುತ್ತದೆಯೇ ಎಂದು ಹತ್ತು ದಿನ ಪಶು ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಏನೂ ಕಾಣಲಿಲ್ಲ. ಹನ್ನೊಂದನೆಯ ದಿನ ಅಲ್ಲಿನ ಡಾಕ್ಟರಮ್ಮ ಭಟ್ಟಿಯವನನ್ನು ಕರೆಸಿ ಎದುರಿಗೆ ಕೂರಿಸಿದರು.

"ಇದಕ್ಕೆ ಮುಂಚೆ ಮಗು ಮೇಲೆ ಯಾವತ್ತಾದ್ರೂ ಗುರ್ ಅಂದಿತ್ತಾ?"

"ಇಲ್ಲ ಡಾಕ್ಟ್ರಮ್ಮಾ. ಮೊದ್ಲು ಮೊದ್ಲು ಅಂತಿತ್ತು. ನಾನೇ ಬಿಡಿಸ್ದೆ."

ಹೇಳುವಾಗ ಅಭ್ಯಾಸಬಲದಿಂದ ದನಿಯಲ್ಲಿ ಹಳೆಯ ಹೆಮ್ಮೆಯ ಎಳೆಯೊಂದು ಬಂದುಬಿಟ್ಟಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಹೇಗೆ ಬಿಡಿಸಿದ್ರಿ?"

ಅವನು ಹೇಳಿದ.

"ನೋಡಪ್ಪಾ, ಗುರ್ ಅನ್ನೋದು ನಾಯಿಯ ಕೆಟ್ಟ ಬುದ್ಧಿ ಅಲ್ಲ. ಬೇಡ, ದೂರ ಹೋಗು ಅಂತ ಅದು ಹೇಳೋ ಮಾತು. ಅದಕ್ಕೂ ಮೊದ್ಲು ಮುಖ ತಿರುಗಿಸುತ್ತೆ, ತುಟಿ ನೆಕ್ಕೊಳ್ಳುತ್ತೆ, ಸುಮ್‌ಸುಮ್ನೆ ಆಕಳಿಸುತ್ತೆ. ಅದ್ಯಾವುದೂ ನಿಮಗೆ ಕಾಣಲಿಲ್ಲ. ಉಳಿದಿದ್ದ ಒಂದು ಮಾತನ್ನ ನೀವು ಹೊಡೆದು ಕಿತ್ಕೊಂಡ್ರಿ. ಕಚ್ಚೋದು ಬಿಟ್ರೆ ಅದಕ್ಕಿನ್ನೇನು ಉಳಿದಿತ್ತು ಹೇಳಿ?"

ಅವರು ನಾಯಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಸೊಂಟದ ಕೀಲು ಎರಡೂ ಸವೆದುಹೋಗಿವೆ. ಎಷ್ಟು ತಿಂಗಳಿಂದ ನೋವು ನುಂಗ್ಕೊಂಡಿತ್ತೋ. ಇಷ್ಟು ದೊಡ್ಡ ನಾಯಿ ಜೊತೆ ಮಗೂನ ಒಂದು ನಿಮಿಷನೂ ಒಂಟಿಯಾಗಿ ಬಿಡಬಾರದು. ಹಸುವಿನಂಥದ್ದಾದ್ರೂ ಸರಿ, ಹಕ್ಕಿಯಂಥದ್ದಾದ್ರೂ ಸರಿ."

"ಮತ್ತೆ ಕಲಿಸ್ಬೋದಾ ಡಾಕ್ಟ್ರಮ್ಮಾ? ಗುರ್ ಅನ್ನೋದನ್ನ?"

"ಹೊಡೆದು ಬಾಯಿ ಮುಚ್ಚಿಸೋದು ಸುಲಭ. ತಿರುಗಿ ತೆರೆಸೋಕೆ ವರ್ಷಗಳೇ ಬೇಕು, ಅದಕ್ಕೆ ಅಷ್ಟು ಆಯಸ್ಸಿಲ್ಲ. ಮಗು ಇರೋ ಮನೆಗೆ ಇದನ್ನ ಕಳಿಸೋಕೆ ನನಗೆ ಧೈರ್ಯ ಇಲ್ಲ. ಈ ನೋವಲ್ಲಿ ಇಟ್ಕೊಳ್ಳೋದೂ ಪಾಪ."

ಕೊನೆಯ ಸೂಜಿ ಹಾಕುವಾಗ ನಾಯಿಯ ತಲೆ ಹಿಡಿದುಕೊಂಡವನು ಅವನೇ. ಪೈಲ್ವಾನ ತುಟಿ ನೆಕ್ಕಿಕೊಂಡು ಮುಖವನ್ನು ಆಚೆ ತಿರುಗಿಸಿತು. ಬೇಡ ಅನ್ನುತ್ತಿದೆ ಎಂದು ಅವನಿಗೆ ಈಗ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಸೂಜಿ ಇಳಿಯಿತು. ಅದು ಆಗಲೂ ಗುರ್ ಎನ್ನಲಿಲ್ಲ. ಅವನ ಅಂಗೈಯೊಳಗೇ ತಲೆ ಭಾರವಾಯಿತು.

ಮಾರನೆಯ ದಿನ ಪುಟ್ಟಿಯ ಗಾಯ ತೊಳೆಸಬೇಕಿತ್ತು. ಕೆನ್ನೆ ಕೂಡಿಕೊಂಡಿತ್ತು, ಕಿವಿಯ ಹಿಂದೆ ಕೀವಾಗಿತ್ತು. ಡ್ರೆಸ್ಸಿಂಗ್ ಕೋಣೆಯಲ್ಲಿ ಪರದೆಯಾಚೆ ಯಾರೋ ದೊಡ್ಡ ಗಂಡಸು ಅಯ್ಯೋ ಅಪ್ಪಾ ಎಂದು ಲಬೋಲಬೋ ಎನ್ನುತ್ತಿದ್ದ. ನರ್ಸಮ್ಮ ಪುಟ್ಟಿಯ ಗಾಯಕ್ಕೆ ಔಷಧಿಯ ಹತ್ತಿ ಒತ್ತಿದರು. ಅವಳ ಕಾಲಬೆರಳುಗಳು ಮಡಿಸಿಕೊಂಡವು, ಕಣ್ಣು ತುಂಬಿ ಸುರಿಯಿತು, ಕೈ ಮೆಲ್ಲಗೆ ಎದ್ದು ಬಾಯಿಯ ಮೇಲೆ ಕೂತಿತು.

"ಎಷ್ಟು ಜಾಣೆ ರೀ ನಿಮ್ಮ ಮಗಳು," ಎಂದರು ನರ್ಸಮ್ಮ. "ಆ ಮನುಷ್ಯನ್ನ ಕೇಳಿ, ಈ ಕೂಸನ್ನ ನೋಡಿ. ಒಂಚೂರು ಸದ್ದಿಲ್ಲ."

ಭಟ್ಟಿಯವನು ಮಂಡಿಯೂರಿ ಕೂತು ಮಗಳ ಕೈಯನ್ನು ಬಾಯಿಯಿಂದ ಬಿಡಿಸಿದ.

"ಅಳಮ್ಮಾ. ಕಿರುಚು. ನೋಡು, ಅಪ್ಪ ಎದ್ದೇ ಇದ್ದೀನಿ. ಎಷ್ಟು ಜೋರಾಗಿ ಬೇಕಾದ್ರೂ ಕಿರುಚು ಪುಟ್ಟಿ, ನಿನ್ನ ದಮ್ಮಯ್ಯ."

ಪುಟ್ಟಿ ಅವನನ್ನೇ ನೋಡಿದಳು. ತುಟಿ ತೆರೆಯಿತು. ಅವನು ಕಾದ. ಅವಳು ಮುಂದಕ್ಕೆ ಬಾಗಿ ಅವನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ಪೈಲ್ವಾನಂಗೆ ಹೊಡೆದ ಹಾಗೆ ಹೊಡೆಯಲ್ವಾ?"

ಅವಳ ಮೇಲೆ ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಹಾಗೆಂದು ಹೇಳಲು ಹೋದ. ಮಾತಿನ ಬದಲು ಅಳು ಬಂತು, ಎಂಥ ಅಳು ಎಂದರೆ ಪರದೆಯಾಚೆಯ ಗಂಡಸು ತನ್ನ ನೋವು ಮರೆತು ಸುಮ್ಮನಾದ. ಪುಟ್ಟಿ ಗಾಬರಿಯಿಂದ ಬಾಗಿಲ ಕಡೆಗೊಮ್ಮೆ ನೋಡಿ, ತನ್ನ ಪುಟ್ಟ ಅಂಗೈಯನ್ನು ಅಪ್ಪನ ಬಾಯಿಯ ಮೇಲೆ ಒತ್ತಿ ಹಿಡಿದಳು.