ಮಗಳು ನೀರಿನ ಮೇಲಿದ್ದಾಳೆ

ಓಬುಳೇಶ್ ತುಂಬಿದ ಬಿಂದಿಗೆಯನ್ನು ಒಲೆಯ ಮೇಲೆ ಬಗ್ಗಿಸುತ್ತಿದ್ದಂತೆ ಕದಿರಣ್ಣ ಓಡಿಬಂದು ಅವನ ರಟ್ಟೆ ಹಿಡಿದು ಎಳೆದ. ನೀರು ಇಬ್ಬರ ಕಾಲ ಮೇಲೂ ಚೆಲ್ಲಿತು.

"ಬಿಡು ಭಾವ! ಅಕ್ಕನ್ನ ಇನ್ನ ಎಷ್ಟೊತ್ತು ಅಂಗ್ಳದಾಗೆ ಮಲಗಿಸ್ತೀಯ? ಒಲೆ ಆರಿಸ್ದೆ ಹೆಣ ಎತ್ತಂಗಿಲ್ಲ."

"ಆರಿಸ್ಬ್ಯಾಡ ಅಂದ್ನಲ್ಲ! ಶಿವಗಂಗಾ ನೀರಿನ್ ಮೇಲವ್ಳೆ ಕಣ್ಲಾ."

ರೊದ್ದಂ ಕಡೆಯ ಕೆರೆ ಏರಿಯ ಕೆಳಗಿನ ಈ ಬೆಸ್ತರ ಕೇರಿಯಲ್ಲಿ ಸಾವಾದ ಮನೆಯ ಒಲೆ ಆರಿಸಿದ ಮೇಲೇ ಹೆಣ ಎತ್ತಬೇಕು. ಒಲೆ ಉರಿಯುತ್ತಿದ್ದರೆ ಹೋಗುವ ಜೀವಕ್ಕೆ ಹೊಸ್ತಿಲು ದಾಟಲು ಮನಸ್ಸು ಬಾರದಂತೆ. ಹಾಗೆಯೇ, ಮನೆಯವರು ಯಾರಾದರೂ ನೀರಿನ ಮೇಲಿದ್ದರೆ ಅವರು ದಡ ಸೇರುವ ತನಕ ಒಲೆ ಆರಿಸುವಂತಿಲ್ಲ. ಎರಡೂ ಒಂದೇ ದಿನ ಎದುರುಬದುರಾದರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿ ಹೋಗಿರಲಿಲ್ಲ. ಹೇಳಲು ಅವರಿಗೇನು ಕನಸು ಬಿದ್ದಿತ್ತೇ, ಈ ಕೇರಿಯ ಹುಡುಗಿಯೊಬ್ಬಳು ಭೂಮಿಯ ನೆತ್ತಿಯ ಹತ್ತಿರ, ಹಿಮದ ಸಮುದ್ರದ ದ್ವೀಪವೊಂದರಲ್ಲಿ, ಮೀನು ಕತ್ತರಿಸುವ ಫ್ಯಾಕ್ಟರಿಯ ಕೆಲಸಕ್ಕೆ ಹೋಗುತ್ತಾಳೆಂದು!

ನಿನ್ನೆ ಸಂಜೆ ಕದಿರಣ್ಣನ ಮಗಳು ಶಿವಗಂಗಾ ಫೋನು ಮಾಡಿದ್ದಳು. ದೂರದ ಇನ್ನೊಂದು ದ್ವೀಪದ ಫ್ಯಾಕ್ಟರಿಗೆ ಮೀನುದೋಣಿಯಲ್ಲಿ ಹೊರಟಿದ್ದೇನೆ, ನಡುವೆ ಸಿಗ್ನಲ್ ಇರುವುದಿಲ್ಲ, ಬೆಳಿಗ್ಗೆ ಇಳಿದು ಮಾಡುತ್ತೇನೆ ಎಂದಿದ್ದಳು. ಅವಳ ತಾಯಿ ಆದೆಮ್ಮ ಆಗಲೇ ಅಂಗಳದ ಒಲೆ ಹೊತ್ತಿಸಿದ್ದಳು. ನಸುಕಿನಲ್ಲಿ ಕದಿರಣ್ಣ ಎದ್ದು ನೋಡಿದರೆ, ಹೆಂಡತಿ ಒಲೆಯ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಒಂದು ಜಾಲಿ ಕಟ್ಟಿಗೆ. ಮೈ ಆಗಲೇ ತಣ್ಣಗಾಗಿತ್ತು.

ಮಗಳ ಫೋನು ಬೆಳಿಗ್ಗೆ ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಇವರು ಮಾಡಿದರೆ ಹೋಗಲಿಲ್ಲ. ಹಿಂದೂಪುರದಿಂದ ಬಂದ ಆದೆಮ್ಮನ ತಮ್ಮ ಓಬುಳೇಶ್ ಮೊಬೈಲಿನಲ್ಲಿ ಏನೋ ನೋಡಿ, ಆ ಕಡೆಯೆಲ್ಲ ಬಿರುಗಾಳಿಯಂತೆ ಎಂದು ಬಾಯಿ ತಪ್ಪಿ ಅಂದುಬಿಟ್ಟ. ಅಲ್ಲಿಂದ ಕದಿರಣ್ಣನ ಕೈ ಜೇಬು ಬಿಡಲಿಲ್ಲ. ಫೋನು ತೆಗೆಯುವುದು, ನೋಡುವುದು, ಮತ್ತೆ ಇಡುವುದು. ಹೆಂಡತಿ ಸತ್ತಿದ್ದಕ್ಕೆ ಅಳಲೂ ಅವನಿಗೆ ಪುರುಸೊತ್ತಿರಲಿಲ್ಲ.

*

ಆದೆಮ್ಮ ಹಿಂದೂಪುರದ ಮಾರ್ಕೆಟ್ಟಿನಲ್ಲಿ ಒಣಮೀನು ಮಾರುತ್ತಿದ್ದವಳು. ಹುಣಸೇಹಣ್ಣಿನ ಮಂಡಿಗೆ ಬಂದವರು ಇವಳ ಬುಟ್ಟಿಯ ಮುಂದೆ ಮೂಗು ಮುಚ್ಚಿಕೊಂಡರೆ, "ಸಾರಿಗೆ ಹಾಕ್ದಾಗ ತೆರೀತೀಯ, ಹೋಗಪ್ಪ" ಎನ್ನುತ್ತಿದ್ದಳು. ಒಮ್ಮೆ ಮಗಳು ವಿಡಿಯೋದಲ್ಲಿ, ಮರದ ಗಳುಗಳಿಗೆ ಸಾಲಾಗಿ ತೂಗುಹಾಕಿದ ದೊಡ್ಡ ದೊಡ್ಡ ಮೀನು ತೋರಿಸಿದಳು.

"ಉಪ್ಪೇ ಹಾಕಿಲ್ವಲ್ಲೇ! ಹುಳ ಬೀಳಲ್ವೇನೇ?"

"ಈ ಚಳಿಗೆ ಹುಳಾನೂ ಬರಲ್ಲ ಕಣಮ್ಮ. ಗಾಳೀಲೇ ಒಣಗ್ತವೆ."

"ಎಷ್ಟ್ ಜನ ಅವ್ರೆ ಆ ಊರಾಗೆ?"

"ದ್ವೀಪಗಳೆಲ್ಲ ಸೇರಿ ಒಂದೇ ಪಂಚಾಯ್ತಿ. ಎಲ್ರನ್ನೂ ಕೂಡಿಸಿದ್ರೂ ನಮ್ ಸೋಮಂದೇಪಲ್ಲಿ ಸಂತೆಯಷ್ಟಾಗಲ್ಲ. ಗಾಳಿ ಎದ್ರೆ ಎಲ್ಲಾ ಕಿಟಕೀಲಿ ನಿಂತು ಸಮುದ್ರಾನೇ ನೋಡ್ತಿರ್ತಾರೆ."

"ಹಂಗಾದ್ರೆ ನಮ್ಮಂಥೋರೇ ಬಿಡು."

ಮಗಳು ದೋಣಿ ಹತ್ತುತ್ತೇನೆ ಎಂದಾಗಲೆಲ್ಲ ಇಲ್ಲಿ ಒಲೆ ಹೊತ್ತುತ್ತಿತ್ತು. ಗ್ಯಾಸ್ ಬಂದ ಮೇಲೂ ಕಟ್ಟಿಗೆ ಒಲೆಯೇ ಆಗಬೇಕು.

"ಅಲ್ಲಮ್ಮ, ನಿನ್ನ ಒಲೆ ಹೊಗೆ ಇಲ್ಲೀಗಂಟ ಕಾಣ್ಸುತ್ತಾ?" ಎಂದು ಶಿವಗಂಗಾ ನಗುತ್ತಿದ್ದಳು.

"ನಿಂಗ್ ಕಾಣ್ದಿದ್ರೆ ಬಿಡೇ. ನಂಗ್ ಕಾಣ್ಸುತ್ತಲ್ಲ."

ನಗುತ್ತಿದ್ದಳು ನಿಜ, ಆದರೆ ದೋಣಿ ಇಳಿದವಳು ಮೊದಲು ಅಮ್ಮನಿಗೆ ಫೋನು ಮಾಡದೆ ನೀರು ಕೂಡ ಕುಡಿಯುತ್ತಿರಲಿಲ್ಲ.

*

ಹೊತ್ತು ಏರಿಯ ಕಡೆಗೆ ಇಳಿಯಿತು. ತಮಟೆಯವರು ಹುಲ್ಲು ಹಚ್ಚಿ ಮತ್ತೊಮ್ಮೆ ತಮಟೆ ಕಾಯಿಸಿದರು. ಚಟ್ಟ ಕಟ್ಟಿ ಆದೆಮ್ಮನನ್ನು ಅದರ ಮೇಲೆ ಮಲಗಿಸಿಯೂ ಆಗಿತ್ತು. ಸಾವಿನ ಮನೆಯಲ್ಲಿ ಅವಸರ ಮಾಡುವವರಿಗೆ ಬರವೇ? ಆಳಿಗೊಂದು ಮಾತು ಆಡುತ್ತಿದ್ದರು.

"ಕತ್ಲಾದ್ರೆ ಮಣ್ಣು ಮಾಡೋಕಾಗಲ್ಲ ಭಾವ." ಓಬುಳೇಶ್ ಚಟ್ಟದ ಕಡೆ ಕೈ ತೋರಿಸಿದ. "ನಮ್ಮಕ್ಕ ಕಣೋ ಅವ್ಳು. ಜೀವ ಹೊಸ್ತಿಲಾಗೆ ಒದ್ದಾಡ್ತಾ ಇರ್ತೈತೆ."

"ರಾತ್ರಿಯೆಲ್ಲ ಅವ್ಳೇ ಕಾದ ಬೆಂಕಿ ಕಣಪ್ಪ ಇದು. ನಾನ್ ಹೆಂಗ್ ಆರಿಸ್ಲಿ? ಆಮೇಲೆ ಏನಾರ..." ಕದಿರಣ್ಣ ಮತ್ತೆ ಫೋನು ತೆಗೆದು ನೋಡಿದ.

ಅವನು ಏರಿಯನ್ನೊಮ್ಮೆ ನೋಡಿದ, ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಕೊನೆಗೆ ತಾನೇ ಬಿಂದಿಗೆ ಎತ್ತಿಕೊಂಡ.

"ಇಡ್ಲಾ ಕೆಳಗೆ."

ಕದಿರಣ್ಣನ ಅಕ್ಕ ಉಡುಸಲಮ್ಮ. ಕೇರಿಗೇ ಹಿರಿಯಳು. ಕಟ್ಟಳೆ ಮೀರಿದವರಿಗೆ ಛೀಮಾರಿ ಹಾಕುತ್ತಿದ್ದವಳು ಅವಳೇ; ಬೆಳಿಗ್ಗೆಯಿಂದ ಓಬುಳೇಶನ ಪರ ಇದ್ದವಳೂ ಅವಳೇ. ಈಗ ಒಲೆಯ ಮುಂದೆ ಕುಕ್ಕರಿಸಿ, ಒಂದು ಕಟ್ಟಿಗೆ ತುರುಕಿ ಊದಿದಳು.

"ಹೋಗೋಳ ಜೀವ ವಸಿ ತಡವಾಗೇ ಹೊಸ್ತಿಲು ದಾಟ್ಲಿ. ಕೂಸು ಮೊದ್ಲು ದಡ ಸೇರ್ಲಿ. ಬೆಂಕಿ ನಾನ್ ನೋಡ್ಕೊಂತೀನಿ, ನೀವು ಎತ್ರಿ. ಪಾಪ ಬಂದ್ರೆ ನಂಗೇ ಬರ್ಲಿ, ಪೋನೀ, ಹೋಗ್ಲಿ ಬಿಡ್ರಿ."

ಓಬುಳೇಶ್ ಟವೆಲನ್ನು ಸೊಂಟಕ್ಕೆ ಬಿಗಿದು, ಚಟ್ಟದ ಮುಂದಿನ ಗಳುವಿಗೆ ಕೈ ಹಾಕಿದ. ಉಳಿದವರೂ ಬಗ್ಗಿದರು. ಆಗ ಕದಿರಣ್ಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಅಪ್ಪಾ! ಈಗ ಇಳಿದ್ವಿ. ಗಾಳಿ ಅಂದ್ರೆ ಅಂಥಿಂಥ ಗಾಳಿ ಅಲ್ಲಪ್ಪ! ಒಂದು ಕಲ್ಲುಗುಡ್ಡದ ಮರೆಯಾಗೆ ದೋಣಿ ನಿಲ್ಸ್ಕೊಂಡಿದ್ವಿ. ಅಮ್ಮ ನಿದ್ದೇನೇ ಮಾಡಿರಲ್ಲ ಅಲ್ವಾ? ಒಲೆ ಆರಿಸ್ಕೊಳ್ಳೋಕೆ ಹೇಳು."

"ಬಂದ್ಬುಟ್ಯಾ ತಾಯಿ" ಎಂದ ಕದಿರಣ್ಣ. ಚಟ್ಟದ ಪಕ್ಕ ಕೂತ. ಫೋನನ್ನು ಎದೆಗೆ ಒತ್ತಿ ಹಿಡಿದು, ಹೆಂಡತಿಯ ಕಿವಿಗೆ ಬಗ್ಗಿದ.

"ಆದಿ, ಕೂಸು ದಡ ಸೇರ್ತಂತೆ ಕಣೇ."

ಉಡುಸಲಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅವನು ಆ ನೀರನ್ನು ಆದೆಮ್ಮನ ಬಲಗೈ ಮೇಲೆ ಮೆಲ್ಲಗೆ ಬಿಟ್ಟ. ಕೆಳಗೆ ಉಡುಸಲಮ್ಮ ಬೋಗುಣಿ ಹಿಡಿದಳು. ಆದೆಮ್ಮನ ಬೆರಳಿನಿಂದ ಇಳಿದ ನೀರನ್ನೇ ಕದಿರಣ್ಣ ಒಲೆಗೆ ಹುಯ್ದ. ಚುಂಯ್ ಎಂದು ಬೂದಿ ಎದ್ದಿತು.

"ಆರಿಸಿದ್ಲಾ?" ಫೋನಿನಲ್ಲಿ ಶಿವಗಂಗಾ ನಕ್ಕಳು. "ಸದ್ದು ಕೇಳಿಸ್ತು. ಅಮ್ಮಂಗೆ ಕೊಡಪ್ಪ ಫೋನು."

ಬಾರಿಸಲು ಎತ್ತಿದ ಕೋಲುಗಳನ್ನು ಹಾಗೇ ಹಿಡಿದು, ತಮಟೆಯವರು ಕದಿರಣ್ಣನ ಬಾಯನ್ನೇ ನೋಡುತ್ತಾ ನಿಂತಿದ್ದರು.